ಕೊನೆಯದಾಗಿ ಕಂಡ ದಿನ

ಮಾರ್ಚ್ ಬಂತೆಂದರೆ ಭಾನುವಾರ ಬೆಳಗ್ಗೆ ಆರಕ್ಕೆ ಮುಂಚೆ ನಾವು ಎಂಟು ಹತ್ತು ಜನ ರಾಮನಗರದ ಬಸ್ ನಿಲ್ದಾಣದ ಹತ್ತಿರ ಒಂದು ಟೀ ಅಂಗಡಿಯಲ್ಲಿ ಸೇರುತ್ತೇವೆ. ಇಬ್ಬರು ಮೇಷ್ಟ್ರು, ಒಬ್ಬರು ರೇಷ್ಮೆ ಬೆಳೆಗಾರರು, ನಾಲ್ಕೈದು ಕಾಲೇಜು ಹುಡುಗ ಹುಡುಗಿಯರು, ಜೊತೆಗೆ ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿರುವ ನಾನು. ನಮ್ಮಲ್ಲಿರುವುದು ನಾಲ್ಕೇ ಬೈನಾಕ್ಯುಲರ್, ಅವು ಕೈಯಿಂದ ಕೈಗೆ ಹೋಗುತ್ತಿರುತ್ತವೆ. ಒಂದು ವಾರ ರಾಮದೇವರ ಬೆಟ್ಟದ ಸುತ್ತ, ಮುಂದಿನ ವಾರ ಚನ್ನಪಟ್ಟಣದ ಕಣ್ವ ಜಲಾಶಯ, ಆಮೇಲೆ ಮಾಗಡಿಯ ಸಾವನದುರ್ಗ, ಕೊನೆಗೆ ಕನಕಪುರ ದಾಟಿ ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮ. ಹೀಗೆ ನಾಲ್ಕು ತಾಲ್ಲೂಕು ಸುತ್ತುವಷ್ಟರಲ್ಲಿ ಒಂದು ತಿಂಗಳು ಕಳೆದಿರುತ್ತದೆ.

ಇಂಗ್ಲಿಷ್ ಪುಸ್ತಕಗಳಿಂದ ಹಕ್ಕಿ ನೋಡುವುದನ್ನು ಕಲಿತ ನನಗೆ ವಸಂತದ ವಲಸೆ ಎಂದರೆ ಹಕ್ಕಿಗಳು ಬರುವ ಕಾಲ ಎಂದೇ ತಲೆಯಲ್ಲಿ ಕೂತಿತ್ತು. ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯ ಗಿಲ್ಬರ್ಟ್ ವೈಟ್ ಪ್ರತಿ ವರ್ಷ ಮೊದಲ ಕವಲುತೋಕೆ ಯಾವತ್ತು ಬಂತು ಎಂದು ಬರೆದಿಡುತ್ತಿದ್ದ. ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಬೇವು ಹೂ ಬಿಟ್ಟು ಹೊಂಗೆ ಚಿಗುರಿ ಯುಗಾದಿ ಬರುವ ಹೊತ್ತಿಗೆ ಹಕ್ಕಿಗಳು ಹೊರಟು ನಿಂತಿರುತ್ತವೆ. ಚಳಿಗಾಲವಿಡೀ ನೀರಿನಂಚಿನಲ್ಲಿ ಬಾಲ ಕುಣಿಸಿಕೊಂಡಿದ್ದ ಸಿಪಿಲೆಗಳು ಹಿಮಾಲಯದ ಕಡೆಗೆ, ಮುತ್ತುಗದ ಹೂವಿಗೆ ಮುತ್ತಿಕೊಳ್ಳುತ್ತಿದ್ದ ಗುಲಾಬಿ ಕಬ್ಬಕ್ಕಿಗಳು ಮಧ್ಯ ಏಷ್ಯಾದ ಹುಲ್ಲುಗಾವಲಿಗೆ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ದಂಡೆಯಲ್ಲಿ ಬಿಲ ಕೊರೆದು ಮರಿ ಮಾಡುವ ನೀಲಿಬಾಲದ ಕಳ್ಳಿಪೀರದಂಥ ಕೆಲವನ್ನು ಬಿಟ್ಟರೆ ನಮ್ಮ ವಸಂತ ಬೀಳ್ಕೊಡುವ ಕಾಲವೇ.

ಇಲ್ಲೊಂದು ತೊಡಕಿದೆ. ಹಕ್ಕಿ ಬಂದ ದಿನ ಅದು ಬಂತೆಂದು ಗೊತ್ತಾಗುತ್ತದೆ. ಹೋದ ದಿನ ಹಾಗೆ ಗೊತ್ತಾಗುವುದಿಲ್ಲ. ಇವತ್ತು ನೋಡಿದ್ದೇ ಈ ವರ್ಷದ ಕೊನೆಯ ಕಬ್ಬಕ್ಕಿ ಎಂದು ಹೇಳಬೇಕಾದರೆ ನಾಳೆಯೂ ನಾಡಿದ್ದೂ ಯಾರಾದರೂ ಅದೇ ಜಾಗಕ್ಕೆ ಹೋಗಿ, ಹುಡುಕಿ, ಇಲ್ಲ ಎಂದು ಬರೆದಿಟ್ಟಿರಬೇಕು. ಹೋದ ವರ್ಷ ಮಾರ್ಚ್ ಕೊನೆಗೆ ಕಣ್ವದ ಹತ್ತಿರ ಗುಲಾಬಿ ಕಬ್ಬಕ್ಕಿಗಳ ದೊಡ್ಡ ಹಿಂಡು ಕಂಡಿದ್ದೆವು. ನಮ್ಮ ಸರದಿಯಲ್ಲಿ ಮತ್ತೆ ಕಣ್ವ ಬಂದದ್ದು ಏಪ್ರಿಲ್ ಕೊನೆಗೆ. ಆಗ ಒಂದೂ ಇರಲಿಲ್ಲ. ನಡುವಿನ ನಾಲ್ಕು ವಾರದಲ್ಲಿ ಯಾವತ್ತು ಹೋದವು? ನನ್ನ ಪುಸ್ತಕದಲ್ಲಿ ಉತ್ತರವಿಲ್ಲ.

ಇತಿಹಾಸದ ವಿದ್ಯಾರ್ಥಿಗೆ ಇದು ಹಳೆಯ ಪಾಡು. ಸಾವನದುರ್ಗದ ಕೋಟೆ ಕಾರ್ನ್‌ವಾಲಿಸನ ಸೈನ್ಯಕ್ಕೆ ಸೋತದ್ದು 1791ರ ಡಿಸೆಂಬರ್ 21ರಂದು. ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರು ಬಂದದ್ದು ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನಿಂದ. ರಾಮನಗರ ಜಿಲ್ಲೆ ಆದದ್ದು 2007ರಲ್ಲಿ. ಇವೆಲ್ಲಕ್ಕೂ ಕಾಗದವಿದೆ. ಆದರೆ ಅದೇ ಸಾವನದುರ್ಗದ ಬಂಡೆಗಳಲ್ಲಿ ಒಂದು ಕಾಲಕ್ಕೆ ಉದ್ದ ಕೊಕ್ಕಿನ ರಣಹದ್ದುಗಳೂ ಬಿಳಿ ಬೆನ್ನಿನ ರಣಹದ್ದುಗಳೂ ಇದ್ದವು. ಕೋಟೆ ಬಿದ್ದದ್ದನ್ನು ದಿನಾಂಕ ಸಮೇತ ಹೇಳಬಲ್ಲ ನಾನು, ಆ ಬಂಡೆಯಿಂದ ಕೊನೆಯ ರಣಹದ್ದು ಎದ್ದು ಹೋದ ದಿನವನ್ನು ಹೇಳಲಾರೆ.

ನಮ್ಮ ಅಜ್ಜಿಯದು ಕನಕಪುರ ತಾಲ್ಲೂಕಿನ ಒಂದು ಹಳ್ಳಿ. ಸತ್ತ ದನವನ್ನು ಊರಾಚೆ ಹಾಕಿದರೆ ಮಧ್ಯಾಹ್ನದೊಳಗೆ ಹದ್ದುಗಳು ಇಳಿದು ಮೂಳೆ ಬಿಟ್ಟು ಎಲ್ಲ ಮುಗಿಸುತ್ತಿದ್ದವಂತೆ. ಕೊನೆಯದಾಗಿ ಯಾವಾಗ ನೋಡಿದ್ದು ಅಜ್ಜಿ, ಎಂದು ಕೇಳಿದೆ. ‘ದಿನಾ ಕಾಣೋದ್ನ ಯಾರು ಲೆಕ್ಕ ಇಟ್ಕತಾರೆ ಮಗ?’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ನಿಮ್ಮಪ್ಪನ ಮದ್ವೇಲಿ ಇದ್ವೋ ಏನೋ’ ಎಂದರು.

ಅಜ್ಜಿಯಷ್ಟೇ ಅಲ್ಲ, ದೇಶದ ಪಕ್ಷಿತಜ್ಞರೂ ಹೆಚ್ಚು ಕಡಿಮೆ ಹಾಗೆಯೇ ಇದ್ದರು. ಬಿಳಿ ಬೆನ್ನಿನ ರಣಹದ್ದು ಎಷ್ಟು ಸಾಮಾನ್ಯವಾಗಿತ್ತೆಂದರೆ ಅದನ್ನು ಎಣಿಸಬೇಕೆಂದು ಯಾರಿಗೂ ತೋಚಿರಲಿಲ್ಲ. 1990ರ ದಶಕದ ಆರಂಭದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಎಲ್ಲ ಬಗೆಯ ಬೇಟೆಹಕ್ಕಿಗಳ ಸಮೀಕ್ಷೆಯೊಂದನ್ನು ಮಾಡಿದ್ದರು. ಆ ದಶಕದ ಕೊನೆಗೆ ವಿಭು ಪ್ರಕಾಶ್ ಅವರು ಭರತಪುರದಲ್ಲಿ ರಣಹದ್ದುಗಳು ಸಾಯುತ್ತಿರುವುದನ್ನು ಗಮನಿಸಿದಾಗ, ಹೋಲಿಸಿ ನೋಡಲು ಒದಗಿದ್ದು ಆ ಹಳೆಯ ಎಣಿಕೆ. ಅದೇ ದಾರಿಗಳಲ್ಲಿ ಮತ್ತೆ ಮತ್ತೆ ಎಣಿಸಿದರು. 1992ರಿಂದ 2007ರ ನಡುವೆ ಬಿಳಿ ಬೆನ್ನಿನ ರಣಹದ್ದು ಶೇಕಡಾ 99.9ರಷ್ಟು, ಉದ್ದ ಕೊಕ್ಕಿನವು ಶೇಕಡಾ 97ರಷ್ಟು ಕಡಿಮೆಯಾಗಿದ್ದವು. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫಿನಾಕ್ ಔಷಧಿಯೇ ಕಾರಣವೆಂದು 2004ರಲ್ಲಿ ‘ನೇಚರ್’ ಪತ್ರಿಕೆಯ ಪ್ರಬಂಧ ತೋರಿಸಿತು. ಅದು ಉಳಿದ ಹೆಣವನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. 2006ರಲ್ಲಿ ಭಾರತ ದನಗಳಿಗೆ ಅದನ್ನು ಬಳಸುವುದನ್ನು ನಿಷೇಧಿಸಿತು. 2012ರಲ್ಲಿ ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರ್ ಪ್ರದೇಶ ರಣಹದ್ದುಗಳಿಗೆಂದೇ ಮೀಸಲಾದ ದೇಶದ ಮೊದಲ ಧಾಮವಾಯಿತು. ಅಷ್ಟು ಹೊತ್ತಿಗೆ ಅಲ್ಲಿ ಉಳಿದಿದ್ದವು ಬೆರಳೆಣಿಕೆಯಷ್ಟು.

ಗುಂಪಾಗಿ ಹಕ್ಕಿ ನೋಡುವ ರೂಢಿಯ ಚರಿತ್ರೆಯನ್ನು ನಾನು ಓದತೊಡಗಿದ್ದು ಈ ಕಾರಣಕ್ಕೆ. ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ತಂಡ ಕಟ್ಟಿಕೊಂಡು, ಯಾರು ಹೆಚ್ಚು ಹೊಡೆಯುತ್ತಾರೆಂದು ಪಂದ್ಯ ಹೂಡಿ ಬೇಟೆಯಾಡುವ ಪದ್ಧತಿಯಿತ್ತು. 1900ರಲ್ಲಿ ಫ್ರಾಂಕ್ ಚಾಪ್ಮನ್ ಕೊಲ್ಲುವುದರ ಬದಲು ಎಣಿಸೋಣ ಎಂದ. ಮೊದಲ ವರ್ಷ ಎಣಿಸಿದವರು 27 ಜನ. ಆ ಎಣಿಕೆ ಇವತ್ತಿಗೂ ನಡೆಯುತ್ತಿದೆ. ಸಾಲಿಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗ ಹಕ್ಕಿಯನ್ನು ಹೊಡೆದು, ಚರ್ಮ ಬಿಡಿಸಿ ಸಂಗ್ರಹಿಸಿಡುವುದೇ ವಿಜ್ಞಾನದ ಕ್ರಮವಾಗಿತ್ತು. 1959ರಲ್ಲಿ ಜಾಫರ್ ಫತೇಹಳ್ಳಿಯವರು ಹವ್ಯಾಸಿಗಳಿಗಾಗಿ ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’ ಶುರುಮಾಡಿದರು. 1970ರ ದಶಕದಲ್ಲಿ ಜೋಸೆಫ್ ಜಾರ್ಜ್ ಮತ್ತು ಗೆಳೆಯರು ಬೆಂಗಳೂರಿನಲ್ಲಿ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಕಟ್ಟಿದರು. ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವುದು ಅವರ ಪದ್ಧತಿ. ಒಬ್ಬರು ಬಾರದಿದ್ದರೆ ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ಇಂಥ ಓಡಾಟಗಳ ಟಿಪ್ಪಣಿಗಳು ಕೂಡಿ 1994ರಲ್ಲಿ ಜೋಸೆಫ್ ಜಾರ್ಜ್ ಸಂಪಾದಿಸಿದ ಬೆಂಗಳೂರಿನ ಹಕ್ಕಿಗಳ ಪಟ್ಟಿ ಬಂತು.

2007ರಲ್ಲಿ ಬೆಂಗಳೂರಿನ ಎನ್‌ಸಿಬಿಎಸ್‌ನಿಂದ ಶುರುವಾದ ಮೈಗ್ರಂಟ್‌ವಾಚ್ ಸಾಮಾನ್ಯ ಜನರನ್ನು ಎರಡು ಪ್ರಶ್ನೆ ಕೇಳಿತು: ಈ ಹಕ್ಕಿಯನ್ನು ಈ ಸಲ ಮೊದಲು ಕಂಡದ್ದು ಯಾವಾಗ, ಕೊನೆಯದಾಗಿ ಕಂಡದ್ದು ಯಾವಾಗ? ಆ ಮಾಹಿತಿ ಮುಂದೆ ಇ-ಬರ್ಡ್‌ಗೆ ಸೇರಿತು. ಇ-ಬರ್ಡ್‌ನಲ್ಲಿ ಪಟ್ಟಿ ಸಲ್ಲಿಸುವಾಗ, ಗುರುತಿಸಲಾದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ ಎಂದು ಕೇಳುತ್ತಾರೆ. ಮೊದಮೊದಲು ಅದು ಗುಮಾಸ್ತಗಿರಿಯ ಪ್ರಶ್ನೆ ಅನ್ನಿಸಿತ್ತು. ಹೌದು ಎಂದರೆ ಮಾತ್ರ, ಪಟ್ಟಿಯಲ್ಲಿಲ್ಲದ ಹಕ್ಕಿ ಆವತ್ತು ನಮಗೆ ಕಾಣಲಿಲ್ಲವೆಂದು ನಂಬಬಹುದು. ಅಪರೂಪದ್ದನ್ನಷ್ಟೇ ಬರೆದು ಕಾಗೆ, ಗೊರವಂಕ, ಪಾರಿವಾಳಗಳನ್ನು ಬಿಟ್ಟರೆ ಮುಂದಿನವರಿಗೆ ನಾವು ಅಜ್ಜಿಯ ಉತ್ತರವನ್ನೇ ಕೊಟ್ಟಂತೆ.

ರಾಮದೇವರ ಬೆಟ್ಟದ ಕೆಳಗೆ ನಿಂತಾಗ ಜಟಾಯುವಿನ ನೆನಪಾಗದೆ ಇರದು. ರೆಕ್ಕೆ ಕತ್ತರಿಸಿಕೊಂಡು ಬಿದ್ದಿದ್ದರೂ, ಸೀತೆಯನ್ನು ಹೊತ್ತೊಯ್ದವನು ಯಾರೆಂದು ರಾಮನಿಗೆ ಹೇಳುವವರೆಗೆ ಅದು ಜೀವ ಹಿಡಿದಿತ್ತು. ಆ ಹದ್ದಿನ ಕುಲ ನಮ್ಮ ಕಣ್ಣೆದುರೇ ಖಾಲಿಯಾಗುವಾಗ ದಿನಾಂಕ ಹೇಳುವ ಸಾಕ್ಷಿಗಳು ನಮ್ಮಲ್ಲಿ ಬಹಳ ಇರಲಿಲ್ಲ.

ಈ ವರ್ಷ ನಮ್ಮ ಸುತ್ತಾಟದ ಕ್ರಮ ಬದಲಿಸಿದೆವು. ಎಲ್ಲರೂ ಸೇರಿ ಎಲ್ಲ ಕಡೆ ಹೋಗುವುದು ತಿಂಗಳಿಗೊಂದೇ ಸಲ. ಉಳಿದ ಭಾನುವಾರ ಇಬ್ಬಿಬ್ಬರು ತಮ್ಮ ಪಾಲಿನ ಜಾಗಕ್ಕೇ ಹೋಗಬೇಕು, ಅದೇ ದಾರಿ, ಅಷ್ಟೇ ಹೊತ್ತು. ಹುಡುಗರಿಗೆ ಇದು ಅಷ್ಟು ಹಿಡಿಸಲಿಲ್ಲ. ಮೊದಲಿನ ಗದ್ದಲ, ದಾರಿಯ ತಟ್ಟೆ ಇಡ್ಲಿ, ಸಾವನದುರ್ಗದಲ್ಲಿ ಹಳದಿ ಕೊರಳಿನ ಪಿಕಳಾರ ಕಂಡಾಗಿನ ಕೇಕೆ ಕಡಿಮೆಯಾದದ್ದು ನಿಜ.

ಕಣ್ವ ನನಗೂ ರೇಷ್ಮೆ ಬೆಳೆಗಾರರಿಗೂ ಬಂತು. ಏಪ್ರಿಲ್ ಎರಡನೇ ಭಾನುವಾರ ಸಣ್ಣದೊಂದು ಹಿಂಡು ಸಿಕ್ಕಿತು. ಮೂರನೇ ಭಾನುವಾರ ಎರಡು ತಾಸು ನಡೆದರೂ ಗುಲಾಬಿ ಬಣ್ಣ ಕಾಣಲಿಲ್ಲ. ‘ಇಲ್ದೇ ಇರೋದನ್ನೇನು ಬರೀತೀರಾ ಸಾರ್’ ಎಂದು ಅವರು ನಕ್ಕರು. ನಾನು ದಿನಾಂಕ, ಹೊತ್ತು, ನಡೆದ ದೂರ ಬರೆದು, ಕೆಳಗೆ ಬರೆದೆ: ಗುಲಾಬಿ ಕಬ್ಬಕ್ಕಿ, ಇಲ್ಲ. ಮುಂದಿನ ವಾರವೂ ಹೋಗುತ್ತಿದ್ದೇವೆ. ಇಲ್ಲ ಎಂದು ಒಂದೇ ಸಲ ಬರೆದರೆ ಸಾಲದು.