ಸ್ವಯಂಚಾಲಿತ ಪಿಕಪ್‌ನ ಗೇರ್‌ಬಾಕ್ಸ್ ಎಣ್ಣೆ: ಚೆನ್ನೈ ಬಿಸಿಲಿನಲ್ಲಿ ಬದಲಿಸುವ ಬಗೆ

ಕೀಲ್ಪಾಕ್ ಸುತ್ತಮುತ್ತ ಬಹುಕಾಲದಿಂದ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಊರಿನ ತೋಟ, ಮನೆಗಳ ನಂಟನ್ನು ಕಡಿದುಕೊಳ್ಳದವರು ಇಂದಿಗೂ ಹಲವರಿದ್ದಾರೆ. ತೆಂಗಿನಕಾಯಿ, ಮಾವಿನ ಬುಟ್ಟಿ, ಹಳೆಯ ಮನೆಯ ಮರದ ಸಾಮಾನುಗಳನ್ನು ಹೊತ್ತು ತರಲು ಕಾರಿಗಿಂತ ಪಿಕಪ್ ವಾಹನವೇ ಅನುಕೂಲವೆಂದು ನಾವೂ ಒಂದನ್ನು ಇರಿಸಿಕೊಂಡಿದ್ದೇವೆ. ಮಂಡಿನೋವಿನ ಹಿರಿಯರೂ ಓಡಿಸಲೆಂದು ಸ್ವಯಂಚಾಲಿತ ಗೇರಿನದನ್ನೇ ಆರಿಸಿದೆವು. ಕೊಂಡ ದಿನ ನಮಗೆ ಹೇಳಿದ ಮಾತು, ಗೇರ್‌ಬಾಕ್ಸ್ ಎಣ್ಣೆ 'ಲೈಫ್‌ಟೈಮ್', ಅದನ್ನು ಮುಟ್ಟಬೇಕಾಗಿಯೇ ಇಲ್ಲ ಎಂಬುದು. ಐದನೆಯ ವರ್ಷದಲ್ಲಿ ಗೇರು ಬದಲಾಗುವಾಗ ಗಾಡಿ ನಡುಗತೊಡಗಿತು. ಎಣ್ಣೆಯನ್ನು ಇಳಿಸಿ ನೋಡಿದರೆ ಕೆಂಪಗಿರಬೇಕಾದ ದ್ರವವು ಕಾಫಿ ಡಿಕಾಕ್ಷನ್‌ನಂತೆ ಕಪ್ಪಗಾಗಿ, ಸುಟ್ಟ ವಾಸನೆ ಬೀರುತ್ತಿತ್ತು.

ಎಣ್ಣೆಯ 'ಆಯುಷ್ಯ' ಎಂಬುದು ಯಾವ ಹವೆಯಲ್ಲಿ, ಯಾವ ರಸ್ತೆಯಲ್ಲಿ ಎಂಬ ಪ್ರಶ್ನೆಗೆ ಕಟ್ಟುಬಿದ್ದದ್ದು. ಇಂಥ ಗೇರ್‌ಬಾಕ್ಸ್‌ಗಳನ್ನು ತಯಾರಿಸುವ ಜರ್ಮನಿಯ ಝಡ್‌ಎಫ್ ಸಂಸ್ಥೆಯೇ ತನ್ನ ಕಾರು ಗೇರ್‌ಬಾಕ್ಸ್‌ಗಳಿಗೆ 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷಕ್ಕೊಮ್ಮೆ ಎಣ್ಣೆ ಬದಲಿಸುವಂತೆ ಸಲಹೆ ನೀಡುತ್ತದೆ. ಭಾರ ಹೊರುವ, ಬಿಸಿನಾಡಿನ ಗಾಡಿಗೆ ಇನ್ನೂ ಮೊದಲೇ ಬದಲಿಸುವುದು ಲೇಸೆಂಬುದು ನಮ್ಮ ಅಭಿಪ್ರಾಯ. ನಾವು 60,000 ಕಿ.ಮೀ.ಗೆ ನಿಂತಿದ್ದೇವೆ.

ಸಾಧಾರಣ ಗೇರ್‌ಬಾಕ್ಸ್‌ನಲ್ಲಿ ಎಣ್ಣೆಯ ಕೆಲಸ ಹಲ್ಲುಗಳು ಸವೆಯದಂತೆ ಕಾಯುವುದಷ್ಟೇ. ಸ್ವಯಂಚಾಲಿತ ಪೆಟ್ಟಿಗೆಯಲ್ಲಾದರೋ ಎಂಜಿನ್ನಿನ ಶಕ್ತಿಯನ್ನು ಟಾರ್ಕ್ ಕನ್ವರ್ಟರಿನೊಳಗೆ ದಾಟಿಸುವುದೂ, ಒತ್ತಡದಿಂದ ಕ್ಲಚ್ಚುಗಳನ್ನು ಹಿಡಿಸಿ ಬಿಡಿಸುವುದೂ, ಹುಟ್ಟಿದ ಶಾಖವನ್ನು ಹೊರಗೊಯ್ಯುವುದೂ ಅದೇ ಎಣ್ಣೆ. ಪೂನಮಲ್ಲಿ ಹೈರೋಡಿನ ಸಿಗ್ನಲ್ಲುಗಳಲ್ಲಿ ಗಾಡಿ ನಿಂತು ನಿಂತು ಸಾಗುವಾಗ ಕನ್ವರ್ಟರಿನೊಳಗೆ ಎಣ್ಣೆ ಕಡೆಯುತ್ತಲೇ ಇದ್ದು ಕಾಯುತ್ತದೆ. ಕಾವು 10 ಡಿಗ್ರಿ ಏರಿದರೆ ಎಣ್ಣೆ ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ತಜ್ಞರ ಸ್ಥೂಲ ಲೆಕ್ಕ. ವೆಲ್ಲೂರು, ಕೃಷ್ಣಗಿರಿ ಮಾರ್ಗವಾಗಿ ಬೆಂಗಳೂರಿಗೆ ಹೋಗುವ 350 ಕಿ.ಮೀ. ಪ್ರಯಾಣಕ್ಕಿಂತ ಪುರಸವಾಕ್ಕಂ ಸಂಜೆಯ ಸಂದಣಿಯೇ ಅದಕ್ಕೆ ಹೆಚ್ಚು ಕಠಿಣವೆಂದರೆ ಅತಿಶಯೋಕ್ತಿಯಲ್ಲ.

ನಮ್ಮ ಕಡೆ ಈ ವರ್ಗದಲ್ಲಿ ಕಾಣುವ ವಾಹನಗಳು ಮುಖ್ಯವಾಗಿ ಎರಡು. ಚೆನ್ನೈಗೆ ಉತ್ತರದಲ್ಲಿ, ಆಂಧ್ರದ ಶ್ರೀಸಿಟಿಯಲ್ಲಿ 2016ರಿಂದ ತಯಾರಾಗುತ್ತಿರುವ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಒಂದು. ಅದರ ಸ್ವಯಂಚಾಲಿತ ಮಾದರಿ 2019ರಲ್ಲಿ ಬಂತು. ಮತ್ತೊಂದು 2022ರಲ್ಲಿ ಬಿಡುಗಡೆಯಾದ, ನಮ್ಮ ಬಿಡದಿಯಲ್ಲಿ ಜೋಡಣೆಯಾಗುವ ಟೊಯೊಟಾ ಹೈಲಕ್ಸ್. ಎರಡರಲ್ಲಿಯೂ ಆರು ಗೇರಿನ, ಟಾರ್ಕ್ ಕನ್ವರ್ಟರ್ ಬಗೆಯ ಪೆಟ್ಟಿಗೆ. ಸಣ್ಣ ಕಾರುಗಳ ಎ.ಎಂ.ಟಿ. ಎಂಬುದು ಇದಲ್ಲ, ಅದು ಯಂತ್ರವೇ ಕ್ಲಚ್ ಒತ್ತಿ ಗೇರು ಹಾಕುವ ಸಾಧಾರಣ ಗೇರ್‌ಬಾಕ್ಸ್, ಅದರ ಎಣ್ಣೆಯೂ ಬೇರೆ. ಸಿ.ವಿ.ಟಿ.ಯದೂ ಬೇರೆ. ಬಣ್ಣ ಒಂದೇ ಎಂದು ಸಿಕ್ಕಿದ್ದನ್ನು ಸುರಿಯಲಾಗದು. ಟೊಯೊಟಾ ತನ್ನ ಈಚಿನ ಇಂಥ ಪೆಟ್ಟಿಗೆಗಳಿಗೆ 'ಡಬ್ಲ್ಯೂ.ಎಸ್.' ಎಂಬ ಬಗೆಯನ್ನು ಗೊತ್ತುಪಡಿಸಿದೆ. ಉಳಿದವರು ಮಾಲೀಕರ ಕೈಪಿಡಿಯಲ್ಲಿನ ಹೆಸರನ್ನು ಅಕ್ಷರಶಃ ನೋಡಿಕೊಂಡು ಕೊಳ್ಳಬೇಕು. (ಕೆಂಪು ಬಣ್ಣ ಸೋರಿಕೆಯನ್ನು ಗುರುತಿಸಲೆಂದು ಬೆರೆಸಿದ್ದು. ಅಮೆರಿಕದಲ್ಲಿ 1970ರ ದಶಕದ ಆರಂಭದವರೆಗೆ ಈ ಎಣ್ಣೆಗೆ ತಿಮಿಂಗಿಲದ ಎಣ್ಣೆಯನ್ನೂ ಸೇರಿಸುತ್ತಿದ್ದರು.)

ಇನ್ನು ಕೆಲಸದ ಕ್ರಮ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ, ನಾಲ್ಕೂ ಚಕ್ರಗಳು ಒಂದೇ ಮಟ್ಟದಲ್ಲಿರುವಂತೆ ನಿಲ್ಲಿಸಬೇಕು. ಕೇವಲ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತೂರಬಾರದು. ಗ್ಯಾರೇಜಿನ ಲಿಫ್ಟ್ ಅಥವಾ ಕಂದಕವೇ ಕ್ಷೇಮ. ಮೊಟ್ಟಮೊದಲು ಬಿಚ್ಚಬೇಕಾದದ್ದು ಎಣ್ಣೆ ಇಳಿಸುವ ಪ್ಲಗ್ ಅಲ್ಲ, ತುಂಬುವ ಪ್ಲಗ್. ತುಂಬುವ ಪ್ಲಗ್ ತುಕ್ಕುಹಿಡಿದು ಬರದೇ ಹೋದರೆ, ಇದ್ದ ಎಣ್ಣೆಯನ್ನು ಇಳಿಸಿದ ಗಾಡಿ ಅಲ್ಲಿಯೇ ಕೂರುತ್ತದೆ. ಅದು ಸಡಿಲವಾದುದನ್ನು ಕಂಡ ಮೇಲೆಯೇ ಕೆಳಗಿನದಕ್ಕೆ ಕೈಹಾಕುವುದು. ಇಳಿದ ಎಣ್ಣೆಯನ್ನು ಅಳೆಯುವ ಪಾತ್ರೆಯಲ್ಲಿ ಹಿಡಿದು, ಅಷ್ಟೇ ಪ್ರಮಾಣದ ಹೊಸದನ್ನು ಹಾಕಬೇಕು. ಪ್ಲಗ್ಗಿನ ವಾಷರ್ ಪ್ರತಿ ಸಲವೂ ಹೊಸದಿರಲಿ. ತಳದ ತಟ್ಟೆಯನ್ನೂ ಬಿಚ್ಚುವುದಾದರೆ ಅಲ್ಲಿನ ಅಯಸ್ಕಾಂತಗಳನ್ನು ಗಮನಿಸಿ: ನುಣುಪಾದ ಬೂದುಬಣ್ಣದ ಲೇಪ ಸಹಜ ಸವೆತ, ಕೈಗೆ ಚುಚ್ಚುವ ಲೋಹದ ಚೂರುಗಳಿದ್ದರೆ ಎಣ್ಣೆಯಿಂದ ವಾಸಿಯಾಗುವ ಕಾಯಿಲೆ ಅಲ್ಲ.

ಒಮ್ಮೆ ಇಳಿಸಿದರೆ ಎಲ್ಲ ಎಣ್ಣೆಯೂ ಬಾರದು. ಹೆಚ್ಚಿನ ಪಾಲು ಕನ್ವರ್ಟರ್ ಮತ್ತು ಕೊಳವೆಗಳಲ್ಲಿ ಉಳಿಯುತ್ತದೆ. 10 ಲೀಟರ್ ಹಿಡಿಯುವ ಪೆಟ್ಟಿಗೆಯಿಂದ 4 ಲೀಟರ್ ಇಳಿಯಿತೆನ್ನಿ. ಒಂದು ಸಲಕ್ಕೆ ಹೊಸದು ನೂರಕ್ಕೆ 40, ಎರಡನೆಯ ಸಲಕ್ಕೆ 64, ಮೂರನೆಯದಕ್ಕೆ 78. ನಡುವೆ ಒಂದಷ್ಟು ದಿನ ಗಾಡಿ ಓಡಿಸಿ ಹೀಗೆ ಮೂರು ಬಾರಿ ಬದಲಿಸುವುದು ನಮಗೆ ಮೆಚ್ಚಿನ ಕ್ರಮ. ಎಂದೂ ಬದಲಿಸದ ಹಳೆಯ ಗಾಡಿಗೆ ಯಂತ್ರವಿಟ್ಟು ಒತ್ತಡದಿಂದ ತೊಳೆಯುವುದನ್ನು ನಾವು ಒಪ್ಪುವುದಿಲ್ಲ.

ಮುಖ್ಯವಾದ ಸಂಗತಿ ಮಟ್ಟವನ್ನು ನೋಡುವುದು. ಇಂಥ ಹಲವು ಗೇರ್‌ಬಾಕ್ಸ್‌ಗಳಲ್ಲಿ ಅಳತೆಯ ಕಡ್ಡಿಯೇ ಇಲ್ಲ. ಎಂಜಿನ್ ಚಾಲೂ ಇರುವಾಗ, ಬ್ರೇಕ್ ಒತ್ತಿಹಿಡಿದು ಪ್ರತಿ ಗೇರಿನಲ್ಲೂ ಕೆಲವು ಕ್ಷಣ ತಂಗಿ, ಮರಳಿ 'ಪಿ'ಗೆ ತಂದು, ಎಣ್ಣೆಯ ಕಾವು ತಯಾರಕರು ಹೇಳಿದಷ್ಟು, ಅಂದರೆ ಸಾಮಾನ್ಯವಾಗಿ 40 ಡಿಗ್ರಿಯ ಆಸುಪಾಸು, ಬಂದಾಗ ಕೆಳಗಿನ ಮಟ್ಟದ ಪ್ಲಗ್ ತೆರೆಯಬೇಕು. ಹೆಚ್ಚಾದದ್ದು ಧಾರೆಯಾಗಿ ಸುರಿದು, ಹನಿಹನಿಯಾದ ಕೂಡಲೇ ಮುಚ್ಚಬೇಕು. ಕಾವನ್ನು ಸ್ಕ್ಯಾನರಿನಲ್ಲಿ ಓದಬೇಕೇ ಹೊರತು ಅಂದಾಜಿಸಬಾರದು. ಇದಕ್ಕೆ ಇಬ್ಬರು ಬೇಕು: ಒಬ್ಬರು ಬ್ರೇಕಿನ ಮೇಲೆ, ಒಬ್ಬರು ಕೆಳಗೆ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಗಳಿಗೆ ಅಡ್ಡಗಟ್ಟೆ ಇಡುವುದನ್ನು ಮರೆಯಬಾರದು.

ಚೆನ್ನೈನವರು ಎಡವುವುದು ಇಲ್ಲಿಯೇ. ಮೇ ತಿಂಗಳ ಮಧ್ಯಾಹ್ನ ಹೊರಗಿನ ಹವೆಯೇ 40 ಡಿಗ್ರಿ. ಎಂಜಿನ್ ಚಾಲೂ ಮಾಡುವ ಮೊದಲೇ ಎಣ್ಣೆ ಗೊತ್ತಾದ ಕಾವಿನಲ್ಲಿರುತ್ತದೆ, ಗೇರುಗಳನ್ನು ಒಂದು ಸುತ್ತು ಹಾಕುವುದರೊಳಗೆ ಮೀರಿಹೋಗುತ್ತದೆ. ಕಾದ ಎಣ್ಣೆ ಹಿಗ್ಗಿ ಅಗತ್ಯಕ್ಕಿಂತ ಹೆಚ್ಚು ಹೊರಗೆ ಹರಿಯುವುದರಿಂದ ಪ್ಲಗ್ ಮುಚ್ಚಿದಾಗ ಎಣ್ಣೆ ಕಡಿಮೆಯಾಗಿರುತ್ತದೆ. ನಮ್ಮ ಗಾಡಿಗೆ ಮೊದಲ ಸಲ ಆದದ್ದು ಇದೇ. ನಡುಕ ನಿಲ್ಲುವ ಬದಲು ಹೆಚ್ಚಿತು. ಎರಡನೆಯ ಸಲ ರಾತ್ರಿಯೆಲ್ಲ ತಣಿದ ಗಾಡಿಯನ್ನು ಬೆಳಗಿನ ಆರು ಗಂಟೆಗೇ ನೋಡಿಸಿದೆವು. ಮೆಕ್ಯಾನಿಕ್ ಮೊದಲು ನಕ್ಕರು, ಆಮೇಲೆ ಅರ್ಧ ಲೀಟರಿಗೂ ಹೆಚ್ಚು ಎಣ್ಣೆ ಹಿಡಿದುದನ್ನು ಕಂಡು ಸುಮ್ಮನಾದರು. ಗೇರ್‌ಬಾಕ್ಸ್ ಕೆಟ್ಟರೆ ಖರ್ಚು ಲಕ್ಷಗಳಲ್ಲಿ. ಅದನ್ನು ತಪ್ಪಿಸಿದ್ದು ಅಷ್ಟು ಎಣ್ಣೆ.

ಮಳೆಗಾಲದ ಮಾತು ಬೇರೆ. 2015ರ ಡಿಸೆಂಬರಿನ ಪ್ರವಾಹವನ್ನೂ 2023ರ ಮಿಚಾಂಗ್ ಚಂಡಮಾರುತವನ್ನೂ ಕಂಡವರಿಗೆ, ಪಿಕಪ್ ಎಷ್ಟೇ ಎತ್ತರವಾದರೂ ನೀರು ಬಿಡುವುದಿಲ್ಲವೆಂದು ತಿಳಿದಿದೆ. ಗೇರ್‌ಬಾಕ್ಸ್‌ಗೆ ಉಸಿರಾಡಲು ಒಂದು ಸಣ್ಣ ನಳಿಕೆ ಇರುತ್ತದೆ. ಕಾದ ಪೆಟ್ಟಿಗೆ ನೀರಿನಲ್ಲಿ ಥಟ್ಟನೆ ತಣಿದಾಗ ಅದರ ಮೂಲಕ ನೀರು ಒಳಗೆ ಎಳೆದುಕೊಳ್ಳಬಹುದು. ನೀರು ಬೆರೆತ ಎಣ್ಣೆ ರೋಸ್ ಮಿಲ್ಕ್‌ನಂತೆ ನಸುಗೆಂಪಾಗಿ ಕಲಕಿರುತ್ತದೆ. ಒಳಗಿನ ಕ್ಲಚ್ಚಿನ ಹಾಸುಗಳ ಅಂಟು ಬಿಟ್ಟುಹೋಗಲು ಅದೇ ಸಾಕು. ಮುಳುಗಿದ್ದ ಗಾಡಿಯನ್ನು ಚಾಲೂ ಮಾಡಿ ನೋಡಬಾರದು, ಚಕ್ರ ಉರುಳಿಸಿ ಎಳೆಸಲೂಬಾರದು. ನಾಲ್ಕೂ ಚಕ್ರ ಮೇಲಿರುವ ಲಾರಿಯ ಮೇಲೆ ಸಾಗಿಸಿ, ಎಣ್ಣೆಯನ್ನು ನೋಡಿದ ಮೇಲೆಯೇ ಕೀಲಿ ತಿರುಗಿಸಬೇಕು. ಮಳೆಯೇ ಇಲ್ಲದೆ ಇದೇ ಬಣ್ಣ ಕಂಡರೆ ರೇಡಿಯೇಟರಿನ ಕೂಲೆಂಟ್ ಒಳಗೆ ಸೋರಿರಬಹುದು.

ಇಳಿಸಿದ ಹಳೆಯ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಸೇರುತ್ತದೆ. ಬೀದಿಯ ಮಳೆನೀರಿನ ಚರಂಡಿಗೆ ಸುರಿದರೆ ಅದು ಒಟ್ಟೇರಿ ನಾಲೆಯ ಮೂಲಕ ಬಕಿಂಗ್‌ಹ್ಯಾಮ್ ಕಾಲುವೆ ಸೇರುತ್ತದೆ. ಹೊಸ ಎಣ್ಣೆಯ ಖಾಲಿ ಡಬ್ಬಿಗಳಲ್ಲಿಯೇ ಹಳೆಯದನ್ನು ತುಂಬಿ, ಬಿಗಿಯಾಗಿ ಮುಚ್ಚಿ, ಹಳೆ ಎಣ್ಣೆಯನ್ನು ಅಧಿಕೃತ ಮರುಶುದ್ಧೀಕರಣಕ್ಕೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸಿ ಬಂದೆವು.