ಹೆಗಲಿನಿಂದ ಸೊಂಟಕ್ಕೆ: ಬೆನ್ನುಚೀಲ ನಡೆದು ಬಂದ ದಾರಿ



ಮಳೆ ನಿಂತಿತೆಂದರೆ ಮುಂಬಯಿ, ಪುಣೆಯ ನಮ್ಮ ಎಷ್ಟೋ ಕೇಳುಗರಿಗೆ ಭಾನುವಾರ ಮನೆಯಲ್ಲಿ ಕೂರಲು ಮನಸ್ಸಾಗುವುದಿಲ್ಲ. ಮುಂಬ್ರಾದ ಗುಡ್ಡ, ಲೋಣಾವಳದ ಡ್ಯೂಕ್ಸ್ ನೋಸ್, ಸಿಂಹಗಡದ ಬಂಡೆಗಳು ಕರೆಯುತ್ತವೆ. ಹೈದರಾಬಾದಿನವರಿಗೆ ಮೌಲಾ ಅಲಿ, ಖಾಜಾಗುಡ ಇವೆ. ದೆಹಲಿಯವರು ಫರೀದಾಬಾದ್ ಬಳಿಯ ಧೌಜ್‌ಗೆ ಹೋಗುತ್ತಾರೆ. ರಜೆಗೆ ಊರಿಗೆ ಬಂದರಂತೂ ರಾಮನಗರ, ಸಾವನದುರ್ಗ, ಬಾದಾಮಿ, ಹಂಪಿ ಎಲ್ಲವೂ ನಮ್ಮವೇ! ಬಂಡೆ ಹತ್ತುವ ಗೀಳು ಹತ್ತಿದವರು ಎದುರಾದರೆ ಒಂದು ಮಾತು ಬಂದೇ ಬರುತ್ತದೆ: "ನಾಲ್ಕು ವರ್ಷ ಬಾಳಿಕೆ ಬರುವ ಒಂದು ಒಳ್ಳೆ ಚೀಲ ಹೇಳಿ ಸ್ವಾಮಿ!"

ಪ್ರಶ್ನೆ ಸಣ್ಣದಲ್ಲ. ಬಂಡೆ ಹತ್ತುವವನ ಚೀಲದಲ್ಲಿ ಬುತ್ತಿ, ಬಟ್ಟೆಯ ಜೊತೆಗೆ ಅವನ ಜೀವ ತೂಗುವ ಹಗ್ಗವೂ ಇರುತ್ತದೆ. ಇಳಿಜಾರಿನಲ್ಲಿ ಪಟ್ಟಿ ಕಿತ್ತು ಬಂದರೆ, ಇಕ್ಕಟ್ಟಿನ ಜಾಗದಲ್ಲಿ ಚೀಲ ಹಿಂದಕ್ಕೆ ಎಳೆದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅಂಗಡಿಯಲ್ಲಿ ತೂಗುಹಾಕಿದ ನೂರಾರು ಚೀಲಗಳಲ್ಲಿ ಯಾವುದನ್ನು ಆರಿಸುವುದು? ನನಗೆ ತೋಚುವ ದಾರಿ ಒಂದೇ. ಈ ಚೀಲ ಈಗಿನ ಆಕಾರಕ್ಕೆ ಹೇಗೆ ಬಂತು ಎಂದು ತಿಳಿದುಕೊಳ್ಳುವುದು. ಅದರ ಒಂದೊಂದು ಪಟ್ಟಿಯ ಹಿಂದೆಯೂ ಯಾರೋ ಒಬ್ಬರ ಬೆನ್ನುನೋವು ಇದೆ!

ಹಿಮದಲ್ಲಿ ಸಿಕ್ಕ ಚೌಕಟ್ಟು

1991ರ ಸೆಪ್ಟೆಂಬರ್ 19ರಂದು ಆಸ್ಟ್ರಿಯಾ ಮತ್ತು ಇಟಲಿಯ ಗಡಿಯಲ್ಲಿ, ಆಲ್ಪ್ಸ್ ಪರ್ವತದ ಸುಮಾರು 3,200 ಮೀಟರ್ ಎತ್ತರದಲ್ಲಿ, ಚಾರಣಕ್ಕೆ ಹೋಗಿದ್ದ ಜರ್ಮನ್ ದಂಪತಿಗೆ ಹಿಮದಲ್ಲಿ ಹೂತ ಒಂದು ಶವ ಕಂಡಿತು. ಪರೀಕ್ಷಿಸಿ ನೋಡಿದಾಗ ಅದು ಐದು ಸಾವಿರ ವರ್ಷಕ್ಕೂ ಹಿಂದಿನ ಮನುಷ್ಯನದು. ಲೋಕ ಅವನನ್ನು 'ಓಟ್ಜಿ' ಎಂದು ಕರೆಯಿತು. ಅವನ ಬಿಲ್ಲು ಬಾಣ, ತಾಮ್ರದ ಕೊಡಲಿಯ ಜೊತೆಗೆ 'ಯು' ಆಕಾರಕ್ಕೆ ಬಗ್ಗಿಸಿದ ಒಂದು ಮರದ ಕೋಲು, ಎರಡು ಅಡ್ಡ ಹಲಗೆಗಳೂ ಸಿಕ್ಕವು. ಇದು ಬೆನ್ನಿಗೆ ಹೊರುವ ಹೊರೆಯ ಚೌಕಟ್ಟು ಎಂದು ಅನೇಕ ವಿದ್ವಾಂಸರು ಹೇಳಿದರು. ಅಲ್ಲ, ಹಿಮದ ಮೇಲೆ ನಡೆಯುವ ಪಾದರಕ್ಷೆಯ ಭಾಗ ಎಂದವರೂ ಇದ್ದಾರೆ. ಮೊದಲಿನವರ ಮಾತು ನಿಜವಾದರೆ, ನಮ್ಮ ಬೆನ್ನುಚೀಲಕ್ಕೆ ಐದು ಸಾವಿರ ವರ್ಷದ ಇತಿಹಾಸವಿದೆ.

ನಮ್ಮ ನಾಡಿನಲ್ಲೂ ಹೊರೆ ಹೊರುವುದಕ್ಕೆ ದಾರಿಗಳು ಬೇಕಾದಷ್ಟಿದ್ದವು. ಭಿಕ್ಷೆಗೆ ಹೊರಟವರ ಹೆಗಲಿಗೆ ಜೋಳಿಗೆ, ಹೇರಿನ ಎತ್ತಿನ ಬೆನ್ನಿಗೆ ಎರಡೂ ಕಡೆ ಇಳಿಬಿಡುವ ಹಸುಬೆ, ತಲೆ ಮೇಲಿನ ಕೊಡಕ್ಕೆ ಬಟ್ಟೆ ಸುತ್ತಿ ಮಾಡಿದ ಸಿಂಬೆ. ಸಿಂಬೆ ಎಷ್ಟು ಸಣ್ಣ ವಸ್ತು! ಆದರೆ ಭಾರ ಒಂದೇ ಬಿಂದುವಿನಲ್ಲಿ ಒತ್ತದೆ ಹರಡಿಕೊಳ್ಳಬೇಕು ಎಂಬ ಲೆಕ್ಕಾಚಾರ ಅದರಲ್ಲಿದೆ. ಇಂದಿನ ದುಬಾರಿ ಚೀಲಗಳ ಮೆತ್ತೆಗಳು ಮಾಡುವುದೂ ಅದೇ ಕೆಲಸ.

ಹೆಸರುಗಳ ಕಥೆಯೂ ಸ್ವಾರಸ್ಯಕರ. 'ರಕ್‌ಸ್ಯಾಕ್' ಜರ್ಮನ್ ಮೂಲದ ಪದ. ಬೆನ್ನು ಮತ್ತು ಚೀಲ ಎಂಬ ಎರಡು ಪದ ಸೇರಿ ಆದದ್ದು. ನಾವು 'ಬೆನ್ನುಚೀಲ' ಎಂದರೆ ಅದೇ ಆಯಿತು. ಎನ್‌ಸಿಸಿಯಲ್ಲಿ ಇದ್ದವರಿಗೆ ನೆನಪಿರುವ 'ಹ್ಯಾವರ್‌ಸ್ಯಾಕ್' ಕೂಡ ಜರ್ಮನ್‌ನಿಂದ ಬಂದದ್ದೇ. ಕುದುರೆಗೆ ಓಟ್ಸ್ ಧಾನ್ಯ ತುಂಬಿಡುವ ಚೀಲ ಅದು! ದೆಹಲಿಯ ಕೇಳುಗರು ಸೈನಿಕರ ಬಾಯಲ್ಲಿ 'ಪಿಟ್ಠೂ' ಎಂಬ ಮಾತು ಕೇಳಿರಬಹುದು. ಹಿಂದಿಯಲ್ಲಿ ಪೀಠ್ ಎಂದರೆ ಬೆನ್ನು.

ಬೇಟೆಗಾರನ ಕೊಂಬೆ

ಹತ್ತೊಂಬತ್ತನೆಯ ಶತಮಾನದ ಚೀಲಗಳು ಹೆಚ್ಚಾಗಿ ಸೈನಿಕರಿಗೆ, ಬೇಟೆಗಾರರಿಗೆ ಹೊಲಿದಂಥವು. ದಪ್ಪ ಕ್ಯಾನ್‌ವಾಸ್ ಬಟ್ಟೆ, ಚರ್ಮದ ಪಟ್ಟಿ. ತುಂಬಿದರೆ ಗೋಣಿಚೀಲದಂತೆ ಬೆನ್ನಿಗೆ ಜೋತುಬೀಳುತ್ತಿದ್ದವು. ಅಮೆರಿಕದ ಸೇನಾಧಿಕಾರಿ ಹೆನ್ರಿ ಮೆರಿಯಮ್ 1878ರಲ್ಲಿ ಭಾರವನ್ನು ಹೆಗಲಿನಿಂದ ಕೆಳಗಿಳಿಸುವ ಒಂದು ಚೀಲಕ್ಕೆ ಪೇಟೆಂಟ್ ಪಡೆದ. 1882ರಲ್ಲಿ ಮಿನೆಸೋಟದ ಡುಲೂತ್ ಊರಿನ ಕಮಿಲ್ ಪೊಯರಿಯೆ ಹೆಗಲುಪಟ್ಟಿ, ಹಣೆಪಟ್ಟಿ ಎರಡೂ ಇದ್ದ ಚೀಲಕ್ಕೆ ಪೇಟೆಂಟ್ ಪಡೆದ.

ನಾರ್ವೆಯ ಓಲೆ ಬರ್ಗನ್‌ನದು ಇನ್ನೊಂದು ಕಥೆ. 1908ರ ಸುಮಾರಿಗೆ, ಜೋತುಬೀಳುವ ಚೀಲದಿಂದ ಬೇಸತ್ತ ಆತ ಜೂನಿಪರ್ ಮರದ ಒಂದು ಕೊಂಬೆಯನ್ನು ತನ್ನ ಬೆನ್ನಿನ ಆಕಾರಕ್ಕೆ ಬಗ್ಗಿಸಿ ಚೀಲಕ್ಕೆ ಕಟ್ಟಿಕೊಂಡನಂತೆ. ಚೀಲ ಬೆನ್ನಿಗೆ ಹೊಂದಿ ಕೂತಿತು. ಮುಂದೆ ಕೊಂಬೆಯ ಬದಲು ಲೋಹದ ಚೌಕಟ್ಟು ಬಂತು. ಬ್ರಿಟಿಷ್ ಸೈನಿಕರು ಇವತ್ತಿಗೂ ತಮ್ಮ ದೊಡ್ಡ ಚೀಲವನ್ನು 'ಬರ್ಗನ್' ಎಂದೇ ಕರೆಯುತ್ತಾರೆ. ಇನ್ನು ಅಮೆರಿಕದ ಲಾಯ್ಡ್ ನೆಲ್ಸನ್. 1920ರ ದಶಕದ ಆರಂಭದಲ್ಲಿ ಆತ ಅಲಾಸ್ಕಾದಲ್ಲಿ ಅಲ್ಲಿನ ಮೂಲನಿವಾಸಿಗಳು ಬಳಸುತ್ತಿದ್ದ, ಕೋಲು ಮತ್ತು ತೊಗಲಿನಿಂದ ಮಾಡಿದ ಹೊರೆಯ ಚೌಕಟ್ಟನ್ನು ಹೊತ್ತು ನಡೆದ. ಅದನ್ನೇ ತಿದ್ದಿ 'ಟ್ರ್ಯಾಪರ್ ನೆಲ್ಸನ್' ಎಂಬ ಹೆಸರಿನಲ್ಲಿ ಮಾರಿದ. 1924ರಲ್ಲಿ ಪೇಟೆಂಟೂ ಸಿಕ್ಕಿತು. ಜಾಣ್ಮೆ ಮೂಲನಿವಾಸಿಗಳದು, ಪೇಟೆಂಟು ನೆಲ್ಸನ್‌ನದು. ಇತಿಹಾಸದಲ್ಲಿ ಇಂಥದ್ದು ಇದೇ ಮೊದಲಲ್ಲ, ಬಿಡಿ.

ಹೊತ್ತವರು ಯಾರು?

ಇಲ್ಲಿ ನಮ್ಮ ಹಿಮಾಲಯದ ಮಾತು ಹೇಳಲೇಬೇಕು. 1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಹತ್ತಿದ್ದು ಶಾಲೆಯ ಮಕ್ಕಳಿಗೂ ಗೊತ್ತು. ಆ ತಂಡದ ಸಾಮಾನು ಹೊತ್ತು ಕಣಿವೆಯ ಮೇಲೆ ನಡೆದವರು 350ಕ್ಕೂ ಹೆಚ್ಚು ಮಂದಿ. ಅವರ ಹೆಸರು ಎಷ್ಟು ಜನರಿಗೆ ಗೊತ್ತು? ಅವರ ಬೆನ್ನಿಗಿದ್ದದ್ದು ಬಿದಿರಿನ ಬುಟ್ಟಿ 'ಡೋಕೊ'. ಅದರ ಅಡಿಯಿಂದ ತಂದು ತಲೆಗೆ ಕೊಟ್ಟ ಅಗಲದ ಪಟ್ಟಿ 'ನಾಮ್ಲೊ'. ಹೆಗಲಿಗೆ ಭಾರವೇ ಇಲ್ಲ, ಎಲ್ಲವೂ ತಲೆ ಮತ್ತು ಬೆನ್ನುಮೂಳೆಯ ಮೇಲೆ.

2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ನೇಪಾಳಿ ಹಮಾಲರ ಬಗ್ಗೆ ಒಂದು ಅಧ್ಯಯನ ಪ್ರಕಟವಾಯಿತು. ನಾಮ್ಚೆ ಬಜಾರಿನ ದಾರಿಯಲ್ಲಿ ಗಂಡಸರು ಸರಾಸರಿ ತಮ್ಮ ದೇಹತೂಕದ ಶೇಕಡಾ 93ರಷ್ಟು ಭಾರ ಹೊರುತ್ತಿದ್ದರು. ಹೆಂಗಸರು ಶೇಕಡಾ 66ರಷ್ಟು. ಅಷ್ಟೇ ಭಾರವನ್ನು ಬೆನ್ನುಚೀಲದಲ್ಲಿ ಹೊರುವ ಪಾಶ್ಚಾತ್ಯರಿಗಿಂತ ಇವರಿಗೆ ಖರ್ಚಾಗುತ್ತಿದ್ದ ಶಕ್ತಿ ಕಡಿಮೆ! ಹಾಗೆಂದು ನಾವು ನಾಳೆಯೇ ಹಣೆಪಟ್ಟಿ ಕಟ್ಟಿಕೊಳ್ಳಬೇಕಿಲ್ಲ. ಅದು ಬಾಲ್ಯದಿಂದ ಬಂದ ಅಭ್ಯಾಸ, ಹೊಟ್ಟೆಪಾಡಿನ ಅನಿವಾರ್ಯ. ಆದರೆ ಹೊರೆಯ ವಿದ್ಯೆ ಕಾರ್ಖಾನೆಯಲ್ಲಿ ಹುಟ್ಟಿದ್ದಲ್ಲ ಎಂಬುದು ನೆನಪಿದ್ದರೆ ಸಾಕು.

ಪ್ಯಾಂಟಿನ ಜೇಬು ಕಲಿಸಿದ ಪಾಠ

ನಮ್ಮ ಇಂದಿನ ಚೀಲದ ನಿಜವಾದ ತಿರುವು 1951-52ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಆದದ್ದು. ಡಿಕ್ ಕೆಲ್ಟಿ ಎಂಬ ಬಡಗಿ ಗೆಳೆಯನೊಂದಿಗೆ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ನಡೆಯುತ್ತಿದ್ದ. ಗೆಳೆಯ ತನ್ನ ಚೀಲದ ಚೌಕಟ್ಟಿನ ಕೆಳತುದಿಗಳನ್ನು ಪ್ಯಾಂಟಿನ ಹಿಂದಿನ ಜೇಬುಗಳಿಗೆ ಸಿಕ್ಕಿಸಿಕೊಂಡ. ಥಟ್ಟನೆ ಹೆಗಲು ಹಗುರಾಯಿತು! ಭಾರ ಸೊಂಟಕ್ಕೆ ಇಳಿದಿತ್ತು. ಸೊಂಟದ ಮೂಳೆ, ತೊಡೆಯ ಸ್ನಾಯು ಹೆಗಲಿಗಿಂತ ಎಷ್ಟೋ ಪಾಲು ಗಟ್ಟಿ ತಾನೇ? ಕೆಲ್ಟಿ ಮನೆಗೆ ಬಂದು ವಿಮಾನಕ್ಕೆ ಬಳಸುವ ಅಲ್ಯೂಮಿನಿಯಂ ಕೊಳವೆಯಿಂದ ಚೌಕಟ್ಟು ಮಾಡಿದ, ಸೊಂಟಪಟ್ಟಿ ಸೇರಿಸಿದ. ಹೆಂಡತಿ ನೀನಾ ಮನೆಯಲ್ಲೇ ಕೂತು ಚೀಲ ಹೊಲಿದರು. 1952ರಲ್ಲಿ, ಮೊದಲ ವರ್ಷ ಮಾರಿದ್ದು 29 ಚೀಲ, ತಲಾ 24 ಡಾಲರ್. 1963ರಲ್ಲಿ ಎವರೆಸ್ಟ್ ಏರಿದ ಅಮೆರಿಕದ ತಂಡದ ಜೊತೆ ಹೋದದ್ದು ಕೆಲ್ಟಿಯ ಚೀಲಗಳೇ.

ಆದರೆ ಬಂಡೆ ಹತ್ತುವವರಿಗೆ ಈ ಚೌಕಟ್ಟು ತಲೆನೋವಾಯಿತು. ನೇರ ದಾರಿಯಲ್ಲಿ ನಡೆಯುವಾಗ ಸುಖವಾಗಿದ್ದ ಅಲ್ಯೂಮಿನಿಯಂ ಕೊಳವೆ ಬಂಡೆಗೆ ತಾಗುತ್ತಿತ್ತು, ಪೊದೆಗೆ ಸಿಕ್ಕಿಕೊಳ್ಳುತ್ತಿತ್ತು, ಪಕ್ಕಕ್ಕೆ ವಾಲಿದರೆ ಚೀಲವೂ ತೂಗಾಡಿ ಆಯ ತಪ್ಪಿಸುತ್ತಿತ್ತು. ಇದಕ್ಕೆ ಉತ್ತರ ಕೊಟ್ಟವನು ಅಮೆರಿಕದ ಗ್ರೆಗ್ ಲೋವ್, ಸ್ವತಃ ಬಂಡೆ ಹತ್ತುವವನು. 1967ರಲ್ಲಿ ಆತ ಚೌಕಟ್ಟನ್ನು ಚೀಲದ ಒಳಗೇ ಅಡಗಿಸಿದ. ಎದೆಯ ಅಡ್ಡಪಟ್ಟಿ, ಭಾರವನ್ನು ಬೆನ್ನಿಗೆ ಬಿಗಿಯುವ ಮೇಲ್ಪಟ್ಟಿ, ಚೀಲ ಅರ್ಧ ಖಾಲಿಯಿದ್ದಾಗ ಕುಗ್ಗಿಸುವ ಪಕ್ಕದ ಪಟ್ಟಿಗಳನ್ನೂ ಸೇರಿಸಿದ. ಇಂದು ಅಂಗಡಿಯಲ್ಲಿ ನಾವು ನೋಡುವ ಚೀಲಗಳಲ್ಲಿ ಬಹುಪಾಲು ಇದರ ಮೊಮ್ಮಕ್ಕಳು.

ಇತ್ತ ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ, 1946ರಲ್ಲಿ ಸೈಕಲ್ ಚೀಲ ಹೊಲಿಯಲು ಶುರುಮಾಡಿದ ಕ್ಯಾರಿಮೋರ್ ಸಂಸ್ಥೆ ಪರ್ವತಾರೋಹಿಗಳ ಚೀಲಕ್ಕೂ ಇಳಿಯಿತು. 1970ರಲ್ಲಿ ಅನ್ನಪೂರ್ಣಾದ ದಕ್ಷಿಣ ಮುಖ ಏರಿದ ಡಾನ್ ವಿಲನ್ಸ್ ಹೆಸರಿನ ಚೀಲ ಅವರದೇ. ಯೋಸೆಮಿಟಿಯಲ್ಲಿ ಮತ್ತೊಂದು ದಾರಿ ಬೆಳೆಯಿತು. ಸುಮಾರು 900 ಮೀಟರ್ ಎತ್ತರದ ಎಲ್ ಕ್ಯಾಪಿಟನ್ ಬಂಡೆಯನ್ನು 1958ರಲ್ಲಿ ಮೊದಲು ಹತ್ತಿದ ಮೇಲೆ, ದಿನಗಟ್ಟಲೆ ಬಂಡೆಯಲ್ಲೇ ಉಳಿಯುವವರಿಗೆ ನೀರು, ಊಟ ಮೇಲಕ್ಕೆ ಸಾಗಿಸುವುದೇ ದೊಡ್ಡ ಕೆಲಸವಾಯಿತು. ರಾಯಲ್ ರಾಬಿನ್ಸ್ ರಾಟೆ ಕಟ್ಟಿ ಚೀಲ ಎಳೆಯುವ ಉಪಾಯ ಹೂಡಿದ. ನಮ್ಮ ಬಾವಿಯ ರಾಟೆಯ ತತ್ವವೇ! ಬಂಡೆಗೆ ಉಜ್ಜುತ್ತಾ ಮೇಲೇರುವ ಚೀಲಕ್ಕೆ ಹೊರಜೇಬು, ಜೋಲುಪಟ್ಟಿ ಇದ್ದರೆ ಉಳಿಯುವುದಿಲ್ಲ. ಹಾಗಾಗಿ ಅದು ನುಣುಪಾದ, ದಪ್ಪ ಲೇಪನದ ಕೊಳವೆಯಂತಾಯಿತು.

ಬಟ್ಟೆಯ ಲೆಕ್ಕ

ಕ್ಯಾನ್‌ವಾಸ್ ಗಟ್ಟಿ, ಆದರೆ ನೆನೆದರೆ ಕಲ್ಲಿನಷ್ಟು ಭಾರ. 1935ರಲ್ಲಿ ಡುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕ್ಯಾರೊಥರ್ಸ್ ತಂಡ ನೈಲಾನ್ ಕಂಡುಹಿಡಿದ ಮೇಲೆ ಚಿತ್ರವೇ ಬದಲಾಯಿತು. ಯುದ್ಧದ ನಂತರ ನೈಲಾನ್ ಚೀಲಗಳಿಗೂ ಬಂತು.

ಚೀಲದ ಚೀಟಿಯ ಮೇಲೆ '420 ಡಿ', '1000 ಡಿ' ಎಂದು ಬರೆದಿರುತ್ತದೆ. 'ಡಿ' ಎಂದರೆ ಡೆನಿಯರ್. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಡೆನಿಯರ್. ಅಂಕಿ ಹೆಚ್ಚಾದಷ್ಟೂ ನೂಲು ದಪ್ಪ, ಚೀಲ ಭಾರ. ಬರೀ ಅಂಕಿ ನೋಡಿ ಮರುಳಾಗಬೇಡಿ. ನೂಲಿನ ಜಾತಿ, ನೇಯ್ಗೆ, ಲೇಪನ ಮೂರೂ ಸೇರಿ ಬಾಳಿಕೆ. ಒಂದೇ ಡೆನಿಯರ್‌ನ ಪಾಲಿಯೆಸ್ಟರ್‌ಗಿಂತ ಒಳ್ಳೆಯ ನೈಲಾನ್ ಉಜ್ಜುವಿಕೆಯನ್ನು ಹೆಚ್ಚು ತಡೆಯುತ್ತದೆ.

ಹಾಗಾದರೆ ಯಾವುದನ್ನು ಕೊಳ್ಳುವುದು?

ಇಷ್ಟು ಕಥೆ ಕೇಳಿದ ಮೇಲೆ ಅಂಗಡಿಗೆ ಹೋಗೋಣ. ಮೊದಲು ಅಳತೆ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮಟ್ಟದವರೆಗೆ ಟೇಪು ಹಿಡಿಸಿ. ಚೀಲ ಈ ಉದ್ದಕ್ಕೆ ಹೊಂದಬೇಕು, ನಿಮ್ಮ ಎತ್ತರಕ್ಕಲ್ಲ. ಅಂಗಡಿಯಲ್ಲೇ ಹತ್ತು ಕಿಲೋ ತುಂಬಿಸಿ ಹೊತ್ತು ನಡೆಯಿರಿ. ಸೊಂಟಪಟ್ಟಿ ಬಿಗಿದಾಗ ಹೆಗಲು ಹಗುರಾಗದಿದ್ದರೆ ಆ ಚೀಲ ನಿಮ್ಮದಲ್ಲ.

ಎರಡನೆಯದು ಗಾತ್ರ. 60 ಮೀಟರ್ ಹಗ್ಗವೊಂದೇ ಸುಮಾರು ನಾಲ್ಕು ಕಿಲೋ. ಅದರ ಮೇಲೆ ಹಾರ್ನೆಸ್, ಹೆಲ್ಮೆಟ್, ಶೂಸ್, ಕೊಕ್ಕೆಗಳು, ಮೂರು ಲೀಟರ್ ನೀರು. ಒಂದು ದಿನದ ಬಂಡೆಗೆ 35ರಿಂದ 45 ಲೀಟರ್ ಚೀಲ ಸಾಕು. ಡೇರೆ ಹಾಕಿ ಉಳಿಯುವುದಾದರೆ 50ರಿಂದ 65. ಬೆನ್ನಿಗೆ ಹಾಕಿಕೊಂಡೇ ಹತ್ತುವುದಾದರೆ ಸಣ್ಣದು, ಸಪೂರದ್ದು, ಹೊರಜೇಬು ಇಲ್ಲದ್ದು ಉತ್ತಮ.

ಮೂರನೆಯದು, ಎಲ್ಲಕ್ಕಿಂತ ಮುಖ್ಯ: ಹೊಲಿಗೆ. ಚೀಲವನ್ನು ಒಳಗಿನಿಂದ ಹೊರಗೆ ತಿರುಗಿಸಿ ನೋಡಿ. ಹೆಗಲುಪಟ್ಟಿ ಚೀಲಕ್ಕೆ ಸೇರುವ ಜಾಗದಲ್ಲಿ ಒತ್ತೊತ್ತಾಗಿ ಹಿಂದೆ ಮುಂದೆ ಹೊಲಿದ ಗಟ್ಟಿ ಹೊಲಿಗೆ ಇದೆಯೇ? ಅಂಚಿನ ಬಟ್ಟೆ ಎಳೆ ಬಿಡದಂತೆ ಪಟ್ಟಿ ಕಟ್ಟಿದೆಯೇ? ಚೀಲದ ತಳ ಎರಡು ಪದರವೇ? ಬಾದಾಮಿಯ ಮರಳುಗಲ್ಲು, ಹಂಪಿಯ ಗ್ರಾನೈಟ್ ಎರಡೂ ಮೊದಲು ತಿನ್ನುವುದು ತಳವನ್ನೇ. ಜಿಪ್ ಆದಷ್ಟು ಕಡಿಮೆ ಇರಲಿ. ಮಣ್ಣು ಹೊಕ್ಕರೆ ಮೊದಲು ಕೈಕೊಡುವುದು ಅದೇ. ದಾರ ಎಳೆದು ಬಿಗಿಯುವ ಬಾಯಿ ಕೆಟ್ಟರೂ ಬೇರೆ ದಾರ ಪೋಣಿಸಿಕೊಳ್ಳಬಹುದು.

ಮುಂಬಯಿ, ಚೆನ್ನೈನ ಕೇಳುಗರಿಗೆ ಒಂದು ವಿಶೇಷ ಮಾತು. ಚೀಲದ ಒಳಗಿನ ಪಾಲಿಯುರಿಥೇನ್ ಲೇಪನಕ್ಕೆ ತೇವ ಶತ್ರು. ಸಮುದ್ರದ ಹವೆಯಲ್ಲಿ, ಅಟ್ಟದ ಮೇಲೆ ಒದ್ದೆಯಾಗಿಯೇ ಸುತ್ತಿಟ್ಟರೆ ಕೆಲವೇ ವರ್ಷಗಳಲ್ಲಿ ಅಂಟಂಟಾಗಿ ಪದರ ಪದರವಾಗಿ ಉದುರುತ್ತದೆ. ಬಂದ ದಿನವೇ ಕೊಡವಿ, ನೆರಳಿನಲ್ಲಿ ಒಣಗಿಸಿ, ಗಾಳಿಯಾಡುವ ಕಡೆ ಇಡಿ. ವಾಷಿಂಗ್ ಮೆಷಿನ್‌ಗೆ ಹಾಕಬೇಡಿ. ಹಗ್ಗ ಇಡುವ ಚೀಲದಲ್ಲಿ ಬ್ಯಾಟರಿ ಆಸಿಡ್‌ನಂಥ ರಾಸಾಯನಿಕ ಎಂದೂ ಇಡಬೇಡಿ. ಆಸಿಡ್ ತಾಗಿದ ಹಗ್ಗ ಕಣ್ಣಿಗೆ ಚೆನ್ನಾಗಿಯೇ ಕಂಡು, ಬಿದ್ದಾಗ ತುಂಡಾಗಬಹುದು.

ಈಗ ಚೀಲಕ್ಕಾಗಿ ವಿದೇಶದ ನೆಂಟರನ್ನು ಕಾಯಬೇಕಿಲ್ಲ. ನಮ್ಮ ಬೆಂಗಳೂರಿನ ವೈಲ್ಡ್‌ಕ್ರಾಫ್ಟ್ ಸೇರಿದಂತೆ ದೇಶದಲ್ಲೇ ಮಾಡುವವರಿದ್ದಾರೆ. ಇನ್ನೂ ಕಲಿಯುತ್ತಿರುವವರು ಕೊಳ್ಳಲು ಅವಸರಿಸಬೇಡಿ. 1954ರಲ್ಲಿ ಶುರುವಾದ ಡಾರ್ಜಿಲಿಂಗಿನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಯಂಥ ಕಡೆ ತರಬೇತಿಗೆ ಹೋದರೆ ಚೀಲ ಅವರೇ ಕೊಡುತ್ತಾರೆ. ನಾಲ್ಕು ಬಂಡೆ ಹತ್ತಿದ ಮೇಲೆ ನಿಮಗೇನು ಬೇಕೆಂದು ನಿಮ್ಮ ಬೆನ್ನೇ ಹೇಳುತ್ತದೆ.

ನಿಮ್ಮ ಮನೆಯಲ್ಲಿ ಇಪ್ಪತ್ತು ಮೂವತ್ತು ವರ್ಷ ಬಾಳಿದ ಹಳೆಯ ಚೀಲವಿದ್ದರೆ, ಅದು ಯಾವ ಬಟ್ಟೆಯದು, ಎಲ್ಲಿ ಹೊಲಿಗೆ ಹಾಕಿಸಿದಿರಿ, ಯಾವ ಬೆಟ್ಟ ನೋಡಿ ಬಂತು ಎಂದು ನಮಗೆ ಬರೆದು ತಿಳಿಸಿ. ಆರಿಸಿದ ಪತ್ರಗಳನ್ನು ಕಾರ್ಯಕ್ರಮದಲ್ಲಿ ಓದೋಣ. ಅಲ್ಲಿಯವರೆಗೆ ಹುಷಾರಾಗಿ ಹತ್ತಿ, ಹುಷಾರಾಗಿ ಇಳಿಯಿರಿ.