ನಿಲ್ಲಿಸಿದ ಕಾರಿನಿಂದ ಬ್ಯಾಗ್ ಕಳವು: ದೂರು ಸಲ್ಲಿಸುವ ವಿಧಾನ

ಬೆಂಗಳೂರು ದಕ್ಷಿಣ ಜಿಲ್ಲೆಯ ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ:

ಸೂಪರ್ ಮಾರ್ಕೆಟ್ ಆವರಣದಲ್ಲಿ ನಿಲ್ಲಿಸಿದ ಕಾರಿನಿಂದ ವ್ಯಾನಿಟಿ ಬ್ಯಾಗ್ ಕಳವಾದಲ್ಲಿ ಕೂಡಲೇ 112ಕ್ಕೆ ಕರೆ ಮಾಡುವುದು. ಪೊಲೀಸರು ಪರಿಶೀಲಿಸುವವರೆಗೆ ಕಾರಿನ ಬಾಗಿಲು, ಒಡೆದ ಗಾಜುಗಳನ್ನು ಮುಟ್ಟಬಾರದು. ಬ್ಯಾಂಕ್ ಕಾರ್ಡ್ ಹಾಗೂ ಸಿಮ್ ಅನ್ನು ಸ್ಥಗಿತಗೊಳಿಸತಕ್ಕದ್ದು.

ಇದು ವಸ್ತು ಕಳೆದುಹೋದ ಪ್ರಕರಣವಲ್ಲ. ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 303ರನ್ವಯ ಕಳ್ಳತನ. ಆದ್ದರಿಂದ ಇ-ಲಾಸ್ಟ್ ವರದಿ ಸಾಲದು. ಬ್ಯಾಗ್, ಮೊಬೈಲ್, ನಗದು, ಒಡವೆ ಪ್ರತಿಯೊಂದರ ಮೌಲ್ಯವನ್ನು ದೂರಿನಲ್ಲಿ ನಮೂದಿಸತಕ್ಕದ್ದು, 5,000 ರೂ.ಗಿಂತ ಕಡಿಮೆ ಮೌಲ್ಯದ ಕಳವು ಅಸಂಜ್ಞೇಯವೆನಿಸಬಹುದು.

ಸಂಜ್ಞೇಯ ಪ್ರಕರಣದಲ್ಲಿ ಸರಹದ್ದಿನ ನಿರ್ಬಂಧವಿಲ್ಲದೆ ಯಾವುದೇ ಠಾಣೆಯಲ್ಲಿ ದೂರು ನೀಡಬಹುದು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ನೀಡಲಾಗುವುದು. ದಾಖಲಿಸಲು ನಿರಾಕರಿಸಿದಲ್ಲಿ, ದೂರನ್ನು ಅಂಚೆ ಮೂಲಕ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಸಲ್ಲಿಸಬಹುದು.